ರೆಂಡರ್ ಇರಲಿ, ಮೆಟ್ಟಿಲು ತೋರಿಸಿ

ಪ್ರಶ್ನೆ: ಆರ್ಕಿಟೆಕ್ಚರ್ ನಾಲ್ಕನೇ ವರ್ಷದಲ್ಲಿದ್ದೇನೆ. ದೊಡ್ಡ ಸಂಸ್ಥೆಯೊಂದರಲ್ಲಿ ಇಂಟರ್ನ್‌ಶಿಪ್ ಮಾಡುವ ಆಸೆ. 64 ಪುಟಗಳ ಪೋರ್ಟ್‌ಫೋಲಿಯೊವನ್ನು ಹನ್ನೊಂದು ಕಡೆ ಕಳಿಸಿದೆ. ಯಾರೂ ಉತ್ತರಿಸಲಿಲ್ಲ. ನನ್ನ ರೆಂಡರ್‌ಗಳು (ಕಟ್ಟಡ ಹೇಗೆ ಕಾಣುತ್ತದೆ ಅಂತ ಕಂಪ್ಯೂಟರಿನಲ್ಲಿ ಮಾಡುವ ಚಿತ್ರಗಳು) ಚೆನ್ನಾಗಿವೆ ಅಂತ ಎಲ್ಲರೂ ಹೇಳುತ್ತಾರೆ. ಇನ್ನು ಯಾವ ಸಾಫ್ಟ್‌ವೇರ್ ಕಲಿಯಲಿ?

ಉತ್ತರ: ಸಾಫ್ಟ್‌ವೇರ್ ಮಾತು ಆಮೇಲೆ. ಮೊದಲು ಆ 64 ಪುಟ. ಇಂಟರ್ನ್ ಅರ್ಜಿಗಳನ್ನು ನೋಡುವ ಕೆಲಸ ಕೆಲವು ವರ್ಷ ನನ್ನ ತಲೆಗೆ ಬಿದ್ದಿತ್ತು. ಒಂದೊಂದಕ್ಕೆ ಎರಡು ನಿಮಿಷ ಕೊಟ್ಟರೆ ಜಾಸ್ತಿ. ಮೂವತ್ತನೇ ಪುಟ ಮುಟ್ಟಿದ ನೆನಪೇ ಇಲ್ಲ. ಮೂರು ನಾಲ್ಕು ಪ್ರಾಜೆಕ್ಟ್, ಹದಿನೈದಿಪ್ಪತ್ತು ಪುಟ, ಮೇಲ್‌ನಲ್ಲಿ ಸಲೀಸಾಗಿ ಹೋಗುವ ಒಂದು ಪಿಡಿಎಫ್ ಸಾಕು. ಗುಂಪಿನಲ್ಲಿ ಮಾಡಿದ ಕೆಲಸವಾದರೆ ನಿಮ್ಮ ಪಾಲು ಎಷ್ಟು ಅಂತ ಅಲ್ಲೇ ಬರೆಯಿರಿ.

ರೆಂಡರ್ ಚೆನ್ನಾಗಿರಬಹುದು. ಆದರೆ ದೊಡ್ಡ ಕಚೇರಿಗಳಲ್ಲಿ ಅದಕ್ಕೆ ಬೇರೆಯೇ ಜನ ಇರುತ್ತಾರೆ. ಇಂಟರ್ನ್ ಕೈಗೆ ಬರುವುದು ಬಾಗಿಲುಗಳ ಶೆಡ್ಯೂಲ್ (ವಿವರಗಳ ಪಟ್ಟಿ), ಟಾಯ್ಲೆಟ್ ಡೀಟೇಲ್, ಸೀನಿಯರ್ ಕೆಂಪು ಪೆನ್ನಿನಲ್ಲಿ ಗೀಚಿ ಕೊಟ್ಟ ಶೀಟು. ಅದಕ್ಕೇ ನಾನು ಪ್ರತಿ ಪೋರ್ಟ್‌ಫೋಲಿಯೊದಲ್ಲೂ ಒಂದು ಮೆಟ್ಟಿಲಿನ ಸೆಕ್ಷನ್, ಅಂದರೆ ಕತ್ತರಿಸಿ ನೋಡಿದಂತೆ ಬಿಡಿಸಿದ ಡ್ರಾಯಿಂಗ್, ಹುಡುಕುತ್ತಿದ್ದೆ. ಮಹಡಿಯಿಂದ ಮಹಡಿಗೆ 3,300 ಮಿಲಿಮೀಟರ್ ಇದ್ದರೆ 150ರ ರೈಸರ್ (ಒಂದು ಮೆಟ್ಟಿಲಿನ ಎತ್ತರ) 22 ಬೇಕು. ಕಾಲಿಡುವ ಜಾಗ, ಅಂದರೆ ಟ್ರೆಡ್, 300 ಇಟ್ಟರೆ, ಎರಡು ರೈಸರ್ ಮತ್ತು ಒಂದು ಟ್ರೆಡ್ ಸೇರಿ 600. ಹತ್ತುವ ಕಾಲಿಗೆ ಹಿತವಾದ ಲೆಕ್ಕ ಅದು. ನಡುವೆ ಲ್ಯಾಂಡಿಂಗ್ (ನಿಲ್ಲುವ ಸಮತಟ್ಟು ಜಾಗ) ಬಿಟ್ಟು ಮೆಟ್ಟಿಲುಗಳನ್ನು ಎರಡು ಸಾಲು, ಅಂದರೆ ಎರಡು ಫ್ಲೈಟ್ ಮಾಡಿದರೆ ಒಂದೊಂದರಲ್ಲಿ 11 ರೈಸರ್, ಟ್ರೆಡ್ ಮಾತ್ರ 10. ಹನ್ನೊಂದನೆಯದು ಲ್ಯಾಂಡಿಂಗೇ ಅಲ್ವಾ? ಇಲ್ಲಿ ಎಡವಿದವರನ್ನು ಬೇಕಾದಷ್ಟು ನೋಡಿದ್ದೇನೆ. ಬೀಮ್ ತಲೆಗೆ ತಾಗುತ್ತದೆಯೇ, ತಿರುವಿನಲ್ಲಿ ಹ್ಯಾಂಡ್‌ರೇಲ್ ಹೇಗೆ ಕೂಡುತ್ತದೆ, ಎಲ್ಲವನ್ನೂ 1:20ರಲ್ಲಿ, ಅಂದರೆ ನಿಜದ ಅಳತೆಯ ಇಪ್ಪತ್ತನೇ ಒಂದು ಭಾಗದಲ್ಲಿ, ಬಿಡಿಸಿ. ಅದಕ್ಕೆ ಇಡೀ ಪುಟ ಕೊಡಿ. ಒಬ್ಬ ಹುಡುಗನ ಕವರ್ ಪುಟದ ಬಣ್ಣ ನೋಡಿದರೆ ಕಣ್ಣು ಮುಚ್ಚಬೇಕು ಹಾಗಿತ್ತು. ಆದರೆ ಮೆಟ್ಟಿಲಿನ ಪುಟದಲ್ಲಿ ತನ್ನ ಮೊದಲ ತಪ್ಪು ಡ್ರಾಯಿಂಗನ್ನೂ ಪಕ್ಕದಲ್ಲಿಟ್ಟು ಯಾಕೆ ತಪ್ಪಾಯಿತು ಅಂತ ಬರೆದಿದ್ದ. ಅವನನ್ನೇ ಕರೆದೆವು.

ಸಾಫ್ಟ್‌ವೇರ್ ವಿಷಯಕ್ಕೆ ಬಂದರೆ, ರೆವಿಟ್ ಬಂದರೆ ಹೆಚ್ಚಿನ ಕಡೆ ಕೆಲಸಕ್ಕೆ ಬರುತ್ತದೆ. ರೈನೋ ಕೇಳುವವರೂ ಇದ್ದಾರೆ. ಆ ಸಂಸ್ಥೆಯ ಕೆಲಸದ ಜಾಹೀರಾತು ಓದಿ, ಗೊತ್ತಾಗುತ್ತದೆ.

ಅರ್ಜಿಯ ಪತ್ರದಲ್ಲಿ ಹೊಗಳಿಕೆ ಬೇಡ. ದುಬೈನ ಬುರ್ಜ್ ಖಲೀಫಾ ವಿನ್ಯಾಸ ಮಾಡಿದ ಎಸ್‌ಒಎಂ ಸಂಸ್ಥೆಗೆ ಬರೆಯುವವರು ಆ 828 ಮೀಟರ್‌ನ ಗೋಪುರ ಅದ್ಭುತ ಅಂತ ಬರೆದರೆ ಏನು ಬಂತು? ಅದು ಮೇಲೆ ಹೋದಂತೆ ಹಂತ ಹಂತವಾಗಿ ಯಾಕೆ ಕಿರಿದಾಗುತ್ತದೆ? ಪ್ರತಿ ಹಂತದಲ್ಲೂ ಆಕಾರ ಬದಲಾಗುವುದರಿಂದ ಗಾಳಿಯ ಸುಳಿಗಳು ಒಂದಾಗಿ ಗೋಪುರವನ್ನು ಅಲ್ಲಾಡಿಸುವುದಿಲ್ಲ. ಇಂಥ ಎರಡು ಸಾಲು ಬರೆದರೆ ಓದುವವರು ನಿಲ್ಲುತ್ತಾರೆ.

ಸಂಬಳ ಕೇಳಲು ನಾಚಿಕೆ ಬೇಡ. ಲಂಡನ್ನಿನ ಸರ್ಪೆಂಟೈನ್ ಗ್ಯಾಲರಿ ಕಟ್ಟಿಸುವ ತಾತ್ಕಾಲಿಕ ಪೆವಿಲಿಯನ್ ವಿಷಯದಲ್ಲಿ 2019ರಲ್ಲಿ ಸಂಬಳವಿಲ್ಲದ ಇಂಟರ್ನ್‌ಗಳ ಬಗ್ಗೆ ದೊಡ್ಡ ಗಲಾಟೆಯೇ ಆಯಿತು. ಕೊನೆಗೆ ಆ ಪ್ರಾಜೆಕ್ಟಿಗೆ ದುಡಿಯುವವರಿಗೆಲ್ಲ ಸಂಬಳ ಕೊಡಬೇಕೆಂದು ಗ್ಯಾಲರಿಯೇ ಹೇಳಿತು. ಹಾಗೆಯೇ, ಇಂಟರ್ನ್ ಆಗಿ ಮಾಡಿದ ಡ್ರಾಯಿಂಗನ್ನು ಪೋರ್ಟ್‌ಫೋಲಿಯೊದಲ್ಲಿ ಹಾಕಬಹುದೇ ಅಂತ ಸೇರುವಾಗಲೇ ಕೇಳಿ.

ಇನ್ನೊಂದು. ಫೈಲಿಗೆ 'ಫೈನಲ್ ಫೈನಲ್ 2' ಅಂತ ಹೆಸರಿಡುವ ಚಾಳಿ ಇದ್ದರೆ ಇವತ್ತೇ ಬಿಡಿ. ಕಚೇರಿಯಲ್ಲಿ ಒಂದೇ ಫೈಲಿನ ಮೇಲೆ ಹತ್ತು ಜನ ನಿಂತಿರುತ್ತಾರೆ. ನಾನು ಇಂಟರ್ನ್ ಆಗಿದ್ದಾಗ, ಎಲ್ಲ ಮಹಡಿಗಳಿಗೂ ಎಕ್ಸ್‌ರೆಫ್ ಆಗಿ (ಒಂದರಲ್ಲಿ ಬದಲಿಸಿದರೆ ಎಲ್ಲದರಲ್ಲೂ ಬದಲಾಗುವ ಹಾಗೆ) ಜೋಡಿಸಿದ್ದ, ಕಂಬಗಳ ಜಾಗ ಗುರುತಿಸುವ ಗ್ರಿಡ್ ಫೈಲನ್ನು ಸುಮ್ನೆ ತೆರೆದು, ಗೊತ್ತಿಲ್ಲದೆ 50 ಮಿಲಿಮೀಟರ್ ಸರಿಸಿ ಸೇವ್ ಮಾಡಿಬಿಟ್ಟೆ. ಮರುದಿನ ಎಂಟು ಮಹಡಿಗಳಲ್ಲೂ ಕಂಬಗಳು ಗೋಡೆಯಿಂದ ಆಚೆ ಇಣುಕುತ್ತಿದ್ದವು. ಸೀನಿಯರ್ ಬೈಯಲಿಲ್ಲ. "ನಿನ್ನೆಯ ಬ್ಯಾಕಪ್ ಇದೆಯಾ?" ಅಂತ ಮಾತ್ರ ಕೇಳಿದರು. ಇರಲಿಲ್ಲ.