ಬೆಲೆ ಏರಿದೆ ಅಂತ ಗಾಡಿಗೆ ಹೊದಿಕೆ ಹಾಕಿ ಕೂರಿಸಬೇಕಾ?

ಪ್ರಶ್ನೆ: ನನ್ನ ಹತ್ತಿರ 1965ರ ಫೋಕ್ಸ್‌ವ್ಯಾಗನ್ ವ್ಯಾನ್ ಇದೆ. ಮುಂದಿನ ಗಾಜು ಎರಡು ಭಾಗ ಇರುತ್ತಲ್ಲ, ಅದು. ಹದಿನೆಂಟು ವರ್ಷದ ಹಿಂದೆ ತಗೊಂಡಾಗ ಯಾರಿಗೂ ಬೇಡದ ಗಾಡಿ. ಈಗ ಸಿಕ್ಕವರೆಲ್ಲ 'ಇದು ಬಂಗಾರ, ಓಡಿಸಬೇಡಿ' ಅಂತಾರೆ. ಬಾಗಿಲಿನ ರಬ್ಬರ್ ಕೊಳ್ಳೋಕೂ ಎರಡು ಸಲ ಯೋಚಿಸುವಂತಾಗಿದೆ. ನಿಲ್ಲಿಸಿಬಿಡಲಾ, ಮಾರಿಬಿಡಲಾ?

ಉತ್ತರ: ದುಡ್ಡಿನ ತುರ್ತು ಇಲ್ಲದಿದ್ದರೆ ಎರಡೂ ಬೇಡ. ಬೆಲೆ ಏರಿದರೆ ಲಾಭ ಮಾರುವವರಿಗೆ. ಇಟ್ಟುಕೊಂಡವರಿಗೆ ಏರುವುದು ವಿಮೆ, ಬಿಡಿಭಾಗದ ಖರ್ಚು, ಜೊತೆಗೊಂದಿಷ್ಟು ಭಯ, ಅಷ್ಟೇ ಅಲ್ವಾ? 1955ರ ಮರ್ಸಿಡಿಸ್ ಊಲೆನ್‌ಹೌಟ್ ಕೂಪೆ ಅನ್ನೋ ಕಾರು 2022ರಲ್ಲಿ 13.5 ಕೋಟಿ ಯೂರೋಗೆ ಹೋಯಿತು ಅಂತ ಓದಿ ಎಲ್ಲರೂ ಮನೆಯ ಹಳೇ ಗಾಡಿ ಒರೆಸೋಕೆ ಶುರು ಮಾಡಿದರು. ಅಂಥದ್ದು ತಯಾರಾಗಿದ್ದೇ ಎರಡು! ನಿಮ್ಮ ವ್ಯಾನ್‌ನಂಥವು ಲಕ್ಷಗಟ್ಟಲೆ ಬಂದವು, ಅದರಲ್ಲಿ ತುಕ್ಕಿಗೆ ಹೋಗದೆ ಉಳಿದವಕ್ಕೆ ಈಗ ಬೇಡಿಕೆ.

ಇನ್ನು ನಿಲ್ಲಿಸುವ ಮಾತು. ನಾನೂ ಒಮ್ಮೆ ಹಳೇ ಸ್ಕೂಟರ್ ಒಂದನ್ನು 'ಜೋಪಾನ' ಮಾಡ್ತೀನಿ ಅಂತ ಎರಡು ವರ್ಷ ಮುಟ್ಟಲಿಲ್ಲ. ಕಾರ್ಬುರೇಟರ್ ಬಿಚ್ಚಿದರೆ ಒಳಗೆ ಪೆಟ್ರೋಲ್ ಒಣಗಿ ಕಂದು ಬಣ್ಣದ ಅಂಟು, ಹಳೇ ವಾರ್ನಿಶ್ ವಾಸನೆ, ಪೆಟ್ರೋಲ್ ಹಾಯುವ ಸಣ್ಣ ತೂತು, ಅಂದರೆ ಜೆಟ್, ಪೂರ್ತಿ ಕಟ್ಟಿಕೊಂಡಿತ್ತು. ನಿಮ್ಮ ವ್ಯಾನ್‌ನಲ್ಲಿ ಇನ್ನೂ ಜಾಸ್ತಿ ಕೆಡುತ್ತದೆ: ಬ್ರೇಕ್ ಆಯಿಲ್ ಗಾಳಿಯಲ್ಲಿರುವ ನೀರಿನ ಪಸೆ ಹೀರಿಕೊಂಡು ಚಕ್ರದ ಬಳಿಯ ಬ್ರೇಕ್ ಸಿಲಿಂಡರ್ ಒಳಗೇ ತುಕ್ಕು ಹಿಡಿಯುತ್ತದೆ, ಟೈರ್ ಸವೆಯದೆಯೂ ಬಿರುಕು ಬಿಡುತ್ತದೆ. ವಾರಕ್ಕೊಮ್ಮೆ ಸುಮ್ನೆ ಎರಡು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವುದೂ ಬೇಡ. ಸೈಲೆನ್ಸರ್‌ನಲ್ಲಿ ಸೇರಿದ ನೀರು ಆರುವಷ್ಟು ಬಿಸಿಯೇ ಆಗಿರುವುದಿಲ್ಲ. ಅದರ ಬದಲು ಒಂದರ್ಧ ಗಂಟೆ ಓಡಿಸಿ.

ವಿಮೆ ಮಾಡಿಸುವಾಗ ಗಾಡಿಯ ಬೆಲೆ ಇಷ್ಟು ಅಂತ ಮೊದಲೇ ಇಬ್ಬರೂ ಒಪ್ಪಿ ಬರೆಸುವ ಪಾಲಿಸಿ ಸಿಗುತ್ತದಾ ಕೇಳಿ. ಇಲ್ಲದಿದ್ದರೆ ಅಪಘಾತವಾದಾಗ ಅರವತ್ತು ವರ್ಷದ ಗಾಡಿ ಅಂತ ಗುಜರಿ ಲೆಕ್ಕ ಹಾಕಿಬಿಡಬಹುದು. ಬಿಚ್ಚಿದ ಹಳೇ ಭಾಗಗಳನ್ನು ಎಸೆಯಬೇಡಿ, ಎಂಜಿನ್ ಮಾತ್ರ ಯಾವ ಕಾರಣಕ್ಕೂ ಕೊಡಬೇಡಿ. ಕಾರ್ಖಾನೆಯಿಂದ ಬಂದ ನಂಬರಿನದೇ ಎಂಜಿನ್ ಇದ್ದರೆ ಬೆಲೆಯೇ ಬೇರೆ. ರಬ್ಬರ್ ಬೀಡಿಂಗ್‌ಗೆ ಹೊಸದಾಗಿ ತಯಾರಿಸಿದ್ದೇ ಸಾಕು, ಅಸಲಿಯ ಹಿಂದೆ ಬೀಳುವುದು ಪ್ರದರ್ಶನಕ್ಕೆ ಇಡುವವರ ಚಟ.

ಓಡಿಸುವ ಮೊದಲು ಹಿಂದಿನ ಮುಚ್ಚಳ ಎತ್ತಿ ಪೆಟ್ರೋಲ್ ಪೈಪ್ ಬಗ್ಗಿಸಿ ನೋಡಿ. ಕೂದಲೆಳೆಯಷ್ಟು ಬಿರುಕಿದ್ದರೂ ಅವತ್ತೇ ಬದಲಿಸಿ. ಅದು ಬಿಸಿ ಎಂಜಿನ್ ಪಕ್ಕದಲ್ಲೇ ಇರುತ್ತದೆ, ಅದರಿಂದಲೇ ಬೆಂಕಿ ಹತ್ತಿ ಹೋದ ವ್ಯಾನ್‌ಗಳಿವೆ.