ಅನುದಾನ ಕೊಡದ ಗವರ್ನರ್

ಜಪಾನಿನ ಒಯಿತಾ ಪ್ರಾಂತ್ಯದ ಗವರ್ನರ್ ಆಗಿದ್ದ ಮೊರಿಹಿಕೊ ಹಿರಾಮತ್ಸು ಅವರ ಕುರಿತ ನಮ್ಮ ಲೇಖನ ಅತಿ ಹೊಗಳಿಕೆಯಾಯಿತೆಂದು ಹಾವೇರಿಯ ಓದುಗರೊಬ್ಬರು ಬರೆದಿದ್ದಾರೆ. ಪ್ರತಿ ಊರೂ ತನ್ನದೇ ಒಂದು ವಿಶೇಷ ಉತ್ಪನ್ನವನ್ನು ಬೆಳೆಸಿ ಮಾರಬೇಕೆಂದು ಅವರು ಆರಂಭಿಸಿದ ‘ಒಂದು ಹಳ್ಳಿ, ಒಂದು ಉತ್ಪನ್ನ’ ಚಳವಳಿಯ ನಂತರವೂ ಅಲ್ಲಿನ ಹಳ್ಳಿಗಳು ಬರಿದಾದವಲ್ಲವೇ, ಒಬ್ಬರೇ ಆರು ಅವಧಿ ಕುರ್ಚಿಯಲ್ಲಿ ಕೂರುವುದು ಸರಿಯೇ ಎಂಬುದು ಅವರ ಪ್ರಶ್ನೆ.

ಓದುಗ ಮಿತ್ರರೇ, ತಮ್ಮ ಆಕ್ಷೇಪದಲ್ಲಿ ಹುರುಳಿದೆ. ಹಳ್ಳಿಯ ಯುವಕರು ನಗರ ಸೇರುವುದನ್ನು ಆ ಚಳವಳಿ ತಡೆಯಲಿಲ್ಲ. 1979ರಿಂದ 2003ರವರೆಗಿನ ಅಧಿಕಾರ ದೀರ್ಘವೇ ಸರಿ, ಆರು ಸಲವೂ ಜನರ ನೇರ ಮತದಿಂದಲೇ ಗೆದ್ದಿದ್ದರೂ. ಆದರೆ ಇಷ್ಟಕ್ಕೇ ಅವರನ್ನು ಬದಿಗೆ ಸರಿಸುವ ತಮ್ಮ ಅವಸರ ನನಗೆ ಒಪ್ಪಿಗೆಯಿಲ್ಲ.

ಟೋಕಿಯೊದಲ್ಲಿ ಕೇಂದ್ರ ಸರ್ಕಾರದ ಅಧಿಕಾರಿಯಾಗಿದ್ದ ಹಿರಾಮತ್ಸು 1975ರಲ್ಲಿ ಉಪ ಗವರ್ನರ್ ಆಗಿ ತವರಿಗೆ ಮರಳಿದರು. ಅಲ್ಲಿನ ಓಯಾಮಾ ಎಂಬ ಗುಡ್ಡಗಾಡಿನ ಊರು 1961ರಷ್ಟು ಹಿಂದೆಯೇ, ಭತ್ತ ಬೆಳೆಯಿರೆಂಬ ಸರ್ಕಾರದ ಮಾತನ್ನು ಬದಿಗಿಟ್ಟು, ‘ಪ್ಲಮ್, ಚೆಸ್ಟ್‌ನಟ್ ನೆಟ್ಟು ಹವಾಯಿಗೆ ಹೋಗೋಣ’ ಎಂದು, ಅಂದರೆ ಆ ಗಳಿಕೆಯಲ್ಲೇ ವಿದೇಶ ಪ್ರವಾಸ ಮಾಡೋಣವೆಂದು ಹೊರಟಿತ್ತು. ಗವರ್ನರರು ಹೊಸದೇನನ್ನೂ ಕಂಡುಹಿಡಿಯಲಿಲ್ಲ. ಜನ ಆಗಲೇ ಮಾಡುತ್ತಿದ್ದುದನ್ನು ಗುರುತಿಸಿದರು, ಅಷ್ಟೇ. ಉತ್ಪನ್ನವನ್ನು ಆರಿಸುವ ಹೊಣೆಯನ್ನು ಊರಿಗೇ ಬಿಟ್ಟು, ನೇರ ಅನುದಾನ ಹಂಚುವ ಬದಲು ಸಂಶೋಧನೆ, ತರಬೇತಿ, ಮಾರಾಟಗಳಿಗೆ ಒತ್ತಾಸೆಯಾದರು. ಅದೇ ಪ್ರಾಂತ್ಯದ ಕರಾವಳಿಯ ಊರಾದ ಸಗನೊಸೆಕಿಯ ಮೀನುಗಾರರು ಬಂಗುಡೆಯನ್ನು ಬಲೆಯಲ್ಲಲ್ಲ, ಗಾಳದಲ್ಲೇ ಹಿಡಿಯುತ್ತಾರೆ. ದಡದಲ್ಲಿ ಕೊಳ್ಳುವವರು ಅದನ್ನು ಕೈಯಲ್ಲಿ ಮುಟ್ಟದೆ, ನೀರಿನಲ್ಲಿ ಈಜುತ್ತಿರುವಂತೆಯೇ ಕಣ್ಣಂದಾಜಿನಿಂದ ತೂಕ ಹೇಳುತ್ತಾರೆ. ಇಂಥ ಕಸುಬಿಗೆ ಹೆಸರೂ ಬೆಲೆಯೂ ಬರಬೇಕೆಂದು ಪ್ರಾಂತ್ಯದ ಮುಖ್ಯಸ್ಥರೇ ಟೋಕಿಯೊದಲ್ಲಿ ಮಾರಾಟಗಾರರಂತೆ ನಿಂತು ಪ್ರಚಾರ ಮಾಡಿದರು. 1995ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಸುಮ್ಮನೆ ಅಲ್ಲ.

ಥಾಯ್ಲೆಂಡ್ ಈ ವಿಚಾರವನ್ನು ಎರವಲು ಪಡೆಯಿತು; ನಮ್ಮಲ್ಲಿಯೂ ‘ಜಿಲ್ಲೆಗೊಂದು ಉತ್ಪನ್ನ’ ಎಂಬ ಯೋಜನೆ ಇದೆ. ಇಲ್ಲಿ ನನ್ನ ಸಂಕಟ ಬೇರೆ. ಹಳ್ಳಿಯ ಜಾಗದಲ್ಲಿ ಜಿಲ್ಲೆ ಬಂದಿದೆ, ಊರ ಸಭೆಯ ಜಾಗದಲ್ಲಿ ಕಚೇರಿಯ ಪಟ್ಟಿ ಬಂದಿದೆ, ಮತ್ತು ಆ ಪಟ್ಟಿಯ ಹೊಣೆ ಹೊತ್ತ ಅಧಿಕಾರಿ ನೆಟ್ಟ ಗಿಡ ಫಲ ಬಿಡುವ ಮೊದಲೇ ವರ್ಗವಾಗಿ ಹೋಗಿರುತ್ತಾರೆ. ಆರು ಅವಧಿ ಹೆಚ್ಚಾಯಿತೆನ್ನುವ ತಾವು ಈ ವರ್ಗಾವಣೆಗಳ ಬಗ್ಗೆ ಒಂದು ಸಾಲನ್ನೂ ಬರೆದಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ಬೆಳೆಗಾರರು ತಮ್ಮ ಜಿಲ್ಲೆಯವರೇ. ‘ಪಟ್ಟಿ ಮಾಡುವ ಮುನ್ನ ನಿಮ್ಮನ್ನು ಯಾರಾದರೂ ಕೇಳಿದ್ದರೇ’ ಎಂದು ಅವರಲ್ಲಿ ವಿಚಾರಿಸಿ ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇನೆ.

— ಸಂಪಾದಕ