ವಿಮಾನದಲ್ಲಿರುವ ಮಗಳಿಗೆ ಸೌರ ಬಿರುಗಾಳಿಯಿಂದ ರಕ್ಷಣೆ ಏನು?

ಪ್ರಿಯ ಓದುಗರೇ,

ನಿಮ್ಮ ಮಗಳು ಗಗನಸಖಿ, ಉತ್ತರ ಧ್ರುವದ ಹತ್ತಿರ ಹಾದು ಅಮೆರಿಕಕ್ಕೆ ಹೋಗುವ ವಿಮಾನದಲ್ಲಿ ಕೆಲಸ ಎಂದು ಬರೆದಿದ್ದೀರಿ. "ಸೌರ ಬಿರುಗಾಳಿ ಬಂದರೆ ಗಗನಯಾತ್ರಿಗಳಿಗೆ ನೂರೆಂಟು ರಕ್ಷಣೆ ಇದೆ, ನನ್ನ ಮಗಳಿಗೆ ಏನಿದೆ?" ಎಂದು ಕೇಳಿದ್ದೀರಿ. ನ್ಯಾಯವಾದ ಪ್ರಶ್ನೆ. ಸೌರ ಬಿರುಗಾಳಿ ಎಂದರೆ ಸೂರ್ಯನಿಂದ ಒಮ್ಮೆಲೇ ಸಿಡಿದು ಬರುವ ಕಣ, ವಿಕಿರಣಗಳ ಅಬ್ಬರ.

ಗಗನಯಾತ್ರಿಗಳಿಗೂ ಅಪಾಯ ಸಣ್ಣದಲ್ಲ. 1972ರ ಏಪ್ರಿಲ್‌ನಲ್ಲಿ ಅಪೊಲೊ 16 ಚಂದ್ರನಿಂದ ವಾಪಸಾಯಿತು, ಡಿಸೆಂಬರ್‌ನಲ್ಲಿ ಅಪೊಲೊ 17 ಹೊರಟಿತು. ನಡುವೆ ಆಗಸ್ಟ್‌ನಲ್ಲಿ ಭಾರಿ ಬಿರುಗಾಳಿ ಎದ್ದಿತ್ತು. ಆಗ ಯಾರಾದರೂ ಚಂದ್ರನ ನೆಲದ ಮೇಲಿದ್ದಿದ್ದರೆ ಕಾಯಿಲೆ ಬೀಳುತ್ತಿದ್ದರು. ಸೂರ್ಯನಿಂದ ಸಿಡಿಯುವ ಸೂಕ್ಷ್ಮ ಕಣಗಳಾದ ಪ್ರೋಟಾನ್‌ಗಳನ್ನು ತಡೆಯಲು ಸೀಸಕ್ಕಿಂತ ನೀರು, ಪ್ಲಾಸ್ಟಿಕ್ ವಾಸಿ, ಯಾಕೆಂದರೆ ಅವುಗಳಲ್ಲಿ ಹೈಡ್ರೋಜನ್ ಜಾಸ್ತಿ. ನಾಸಾದ ಚಂದ್ರಯಾನದ ನೌಕೆ ಓರಿಯನ್‌ನಲ್ಲಿ ಬಿರುಗಾಳಿ ಬಂದರೆ ಸಿಬ್ಬಂದಿ ಸಾಮಾನು ಇಡುವ ಗೂಡಿಗಿಳಿದು, ಚೀಲಗಳನ್ನು ಸುತ್ತ ಪೇರಿಸಿಕೊಂಡು ಕೂರಬೇಕು. 2022ರಲ್ಲಿ ಅದರಲ್ಲೇ ಹೆಲ್ಗಾ, ಜೋಹರ್ ಎಂಬ ಎರಡು ಬೊಂಬೆಗಳನ್ನು ಕಳಿಸಿದ್ದರು. ಜೋಹರ್‌ಗೆ ವಿಕಿರಣ ತಡೆಯುವ ಕವಚ ತೊಡಿಸಿ, ಹೆಲ್ಗಾಳನ್ನು ಹಾಗೇ ಬಿಟ್ಟು, ಇಬ್ಬರೊಳಗೂ ಎಷ್ಟೆಷ್ಟು ವಿಕಿರಣ ಸೇರಿತೆಂದು ಅಳೆದರು.

ವಿಮಾನಕ್ಕೆ ಇಂಥ ಗೋಡೆ ಕಟ್ಟಲಾಗದು. ಧ್ರುವದ ಬಳಿ ಭೂಮಿಯ ಕಾಂತಕ್ಷೇತ್ರದ ಕಾವಲೂ ಸಡಿಲ. ಇರುವ ಉಪಾಯ ಎರಡೇ: ಕೆಳಗೆ ಹಾರುವುದು, ದಕ್ಷಿಣಕ್ಕೆ ಸರಿಯುವುದು. 2003ರ ಅಕ್ಟೋಬರ್‌ನ ಬಿರುಗಾಳಿಯಲ್ಲಿ ವಿಮಾನಗಳನ್ನು ಧ್ರುವದ ದಾರಿ ಬಿಟ್ಟು ತಿರುಗಿಸಿದ್ದರು. ಇಂಧನ ಜಾಸ್ತಿ ಬೇಕು, ಹೊತ್ತೂ ಆಗುತ್ತದೆ. ಕೆಲವು ಪ್ರೋಟಾನ್‌ಗಳು ಅರ್ಧ ಗಂಟೆಯೊಳಗೇ ಬಂದು ಬಡಿಯುತ್ತವೆ, ಹಾಗಾಗಿ ಮುನ್ಸೂಚನೆ ತಡವಾದರೆ ಪ್ರಯೋಜನವಿಲ್ಲ. ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಎಚ್ಚರಿಕೆ ವ್ಯವಸ್ಥೆ ಶುರುವಾಗಿದ್ದು 2019ರ ನವೆಂಬರ್‌ನಲ್ಲಿ. ಇಷ್ಟು ತಡವಾಗಬಾರದಿತ್ತು.

ಒಂದು ಸಮಾಧಾನದ ಮಾತು. ಆಕಾಶದಲ್ಲಿ ಬಣ್ಣ ಮೂಡಿಸುವ ಬಿರುಗಾಳಿಗಳಲ್ಲಿ ಹೆಚ್ಚಿನವು ವಿಮಾನದೊಳಗಿನ ವಿಕಿರಣ ಹೆಚ್ಚಿಸುವುದಿಲ್ಲ. ನಿಮ್ಮ ಮಗಳ ಮೈಗೆ ತಾಗುವುದು ಮುಖ್ಯವಾಗಿ ದಿನನಿತ್ಯದ ವಿಶ್ವಕಿರಣ, ಅಂದರೆ ದೂರದ ಬಾಹ್ಯಾಕಾಶದಿಂದ ಸದಾ ಬರುವ ವಿಕಿರಣ. ಅದು ಸಾಮಾನ್ಯವಾಗಿ ವರ್ಷಕ್ಕೆ 2ರಿಂದ 5 ಮಿಲಿಸೀವರ್ಟ್ (ಮೈಗೆ ತಾಗುವ ವಿಕಿರಣದ ಅಳತೆ). ಯುರೋಪಿನಲ್ಲಿ ವರ್ಷಕ್ಕೆ 1 ಮಿಲಿಸೀವರ್ಟ್ ದಾಟುವ ಸಾಧ್ಯತೆ ಇದ್ದರೆ ಸಾಕು, ಕಂಪನಿ ಪ್ರತಿಯೊಬ್ಬರ ಲೆಕ್ಕ ಇಡಲೇಬೇಕು. ಗರ್ಭಿಣಿಯಾದ ವಿಷಯ ತಿಳಿಸಿದ ಮೇಲೆ ಉಳಿದ ತಿಂಗಳುಗಳಲ್ಲಿ ಮಗುವಿಗೆ 1 ದಾಟದಂತೆ ಡ್ಯೂಟಿ ಬದಲಿಸಬೇಕು.

ಮಗಳಿಗೆ ಹೇಳಿ: ತನ್ನ ಲೆಕ್ಕವನ್ನು ಕಂಪನಿಯಿಂದ ಬರಹದಲ್ಲಿ ಕೇಳಿ ಪಡೆಯಲಿ. ಸಂಬಳದ ಚೀಟಿಯಷ್ಟೇ ಅದೂ ಅವಳ ಹಕ್ಕಾಗಬೇಕು. ಸಿಗದಿದ್ದರೆ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಉಚಿತವಾಗಿ ಕೊಡುವ ಸಿಎಆರ್‌ಐ ತಂತ್ರಾಂಶದಲ್ಲಿ ದಾರಿ, ಎತ್ತರ, ದಿನಾಂಕ ಹಾಕಿ ವಿಶ್ವಕಿರಣದ ಅಂದಾಜು ತಾನೇ ತೆಗೆಯಬಹುದು.

— ಸಂಪಾದಕ